ಎಡಗಾಲಿನ ಅಚ್ಚು

ಬ್ರಾಕ್ಟನ್ನಿನಿಂದ ಬಾಸ್ಟನ್ನಿಗೆ ಮೊದಲ ರೈಲು ಹೊರಡುವಾಗ
ಪ್ಲಾಟ್‌ಫಾರ್ಮಿನ ಮೇಲೆ ಇನ್ನೂ ರಾತ್ರಿ.
ಝುಲ್ಮೀರಾ ಬಾರೊಸ್‌ಳ ಕೈಚೀಲದಲ್ಲಿ ನಿನ್ನೆಯ ಕಚೂಪ,
ಕಾಲಲ್ಲಿ ವಿಯೆಟ್ನಾಮಿನಲ್ಲಿ ಹೊಲಿದ ಮೆಟ್ಟು.
ಇದು ಮೆಟ್ಟಿನ ಊರು ಕಣ್ರೀ. ಒಂದು ಕಾಲಕ್ಕೆ
ಕಂಡವರ ಅಂಗಾಲನ್ನೆಲ್ಲ ಅಳೆದ ಊರು.
ಇಲ್ಲೇ ಹೊಲಿದದ್ದನ್ನು ಮೆಟ್ಟಿಕೊಂಡೇ
ಜನ ಊರು ಬಿಟ್ಟು ನಡೆದರು.

ಎದುರಿನಿಂದ ಬರುವ ರೈಲು ಈ ಹೊತ್ತಿಗೆ ಖಾಲಿ:
ದೀಪ ಹೊತ್ತಿಸಿಕೊಂಡ ಸೀಟುಗಳಷ್ಟೇ
ಊರ ಕಡೆ ಬರುತ್ತಿರುತ್ತವೆ.

ಅತ್ತೆ ದೊಮಿಂಗಾಸ್ ಬಂದಿಳಿದಾಗ ಉಳಿದಿದ್ದು ಬೆರಳೆಣಿಕೆಯ ಕಾರ್ಖಾನೆ.
ಒಂದರಲ್ಲಿ ಹನ್ನೊಂದು ವರ್ಷ ನಾಲಿಗೆ ಹೊಲಿದಳು,
ಬೂಟಿನ ನಾಲಿಗೆ.
ತನ್ನ ನಾಲಿಗೆಗೆ ಇಂಗ್ಲಿಷನ್ನು ಹೊಲಿದುಕೊಳ್ಳಲು
ಆಗಲೇ ಇಲ್ಲ ಅಂತ ಈಗಲೂ ನಗುತ್ತಾಳೆ.
ಬಾಗಿಲು ಮುಚ್ಚಿದ ದಿನ ಬಾಕಿ ಸಂಬಳದ ಬದಲಿಗೆ
ಕೋಟಿನೊಳಗೆ ಅಡಗಿಸಿ ತಂದದ್ದು ಮರದ ಅಚ್ಚೊಂದನ್ನು:
ಮೇಪಲ್, ಒಂಬತ್ತನೇ ಅಳತೆ, ಎಡಗಾಲು.
ಬಲಗಾಲಿನದು ಎಲ್ಲಿ ಎಂದರೆ
"ಅದು ಮೊದಲೇ ಹೊರಟುಹೋಗಿತ್ತು."
ಮೂರಂತಸ್ತಿನ ಮನೆಯ ನಡುಮಹಡಿಯಲ್ಲಿ
ಅಡುಗೆಕೋಣೆಯ ಬಾಗಿಲಿಗೆ ಈಗ ಅದೇ ಒತ್ತು.

ಕಳೆದ ಮಂಗಳವಾರ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸಭೆ.
ಬಾಸ್ಟನ್ನಿನ ಹುಡುಗ, ಹೆಸರು ವಿಟಾಕರ್ ಅಂತೇನೋ,
ಗೋಡೆಯ ಮೇಲೆ ನಕ್ಷೆ ಬಿಟ್ಟ:
ದೊಡ್ಡದೊಂದು ಕಿತ್ತಳೆ ಚುಕ್ಕೆ, ಸುತ್ತ ಬೂದು ಚುಕ್ಕೆಗಳು.
"ಇಂಥ ಊರುಗಳು ಚೇತರಿಸಿಕೊಳ್ಳಬಲ್ಲವೆ?"
ಕೇಳಿ, ನೀರು ಕುಡಿದ.
ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ
ಅವನಿಗೆ ಗೊತ್ತಿರಲಾರದು.
ಆ ಕತ್ತಲೆಗೂ ಈಚೆಗೆ ಬಾಡಿಗೆ ಏರಿದೆ:
ಹಳೆ ಕಾರ್ಖಾನೆಗೆ ಹೊಸ ಕಿಟಕಿ ಬಂದಾಗಿನಿಂದ
ತಿಂಗಳಿಗೆ ನಾನೂರು ಡಾಲರ್ ಹೆಚ್ಚು.
ಊರು ಎದ್ದು ಕೂತಾಗ
ಮಂಚದಿಂದ ಕೆಳಗೆ ಬೀಳುವವರು ಯಾರು
ಎಂದು ಝುಲ್ಮೀರಾಗೆ ಕೇಳಬೇಕೆನಿಸಿತು.
ಕೈ ಎತ್ತಲಿಲ್ಲ. ಬೆಳಿಗ್ಗೆ ಮೊದಲ ಪಾಳಿ.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹದಿನಾಲ್ಕು ವರ್ಷ;
ಚೇತರಿಕೆ ಎಂದರೇನೆಂದು ಅವಳ ಕೈಗೆ ಗೊತ್ತು.
ಹೋಗುವವರ ಹಾಸು ಕೆಡುವುದಿಲ್ಲ,
ಹಾಕಿದ್ದು ಹಾಕಿದಂತೆ.
ಗುಣವಾಗುವವರದ್ದೇ ರಂಪ:
ಹಿಂಡಿ, ತಿರುಚಿ, ಸಾರು ಚೆಲ್ಲಿ,
ಒದ್ದು ನೆಲಕ್ಕೆ ಕೆಡವಿ.
ಡಾಕ್ಟರಿಗಿಂತ ಅರ್ಧ ದಿನ ಮೊದಲೇ
ಇವಳ ತೊಟ್ಟಿಗೆ ಸುದ್ದಿ ಬಂದಿರುತ್ತದೆ.

(ಅತ್ತೆಯ ಲೆಕ್ಕ ಬೇರೆ. ಅವಳ ದ್ವೀಪದಲ್ಲಿ
ಬೆಟ್ಟ ಬೆಂಕಿ ಕಾರಿ ಊರನ್ನೇ ಮುಚ್ಚಿತ್ತಂತೆ.
ಕಲ್ಲು ಆರುವ ಮುನ್ನವೇ ಜನ ಬಂದು
ಅದರ ಮೇಲೆಯೇ ಗೋಡೆ ಎಬ್ಬಿಸಿದರಂತೆ.
"ನೆಲ ಎಷ್ಟೋ ದಿನ ಬೆಚ್ಚಗಿತ್ತು," ಎನ್ನುತ್ತಾಳೆ,
ಅದೊಂದು ಲಾಭ ಎಂಬಂತೆ.)

ಶನಿವಾರ. ಮುಚ್ಚಿದ ಬ್ಯಾಂಕಿನ ಮೆಟ್ಟಿಲ ಮೇಲೆ
ಹೈಟಿಯ ಮುದುಕನೊಬ್ಬ ಮಾವು ಹರಡಿಕೊಂಡು
ಪೊಲೀಸನಿಗೇ ಬೆಲೆ ಹೇಳುತ್ತಿದ್ದಾನೆ.
ಮೇಲೆ ಯಾರೋ ಡ್ರಮ್ ಕಲಿಯುತ್ತಿದ್ದಾರೆ, ಕೆಟ್ಟದಾಗಿ.
ಎರಡು ಅಂಗಡಿಗೆ ಹಲಗೆ ಬಡಿದಿದೆ;
ಮೂರನೆಯದರ ಹಲಗೆ ಕಿತ್ತು, ಅದನ್ನೇ ಮೇಜು ಮಾಡಿಕೊಂಡು
ಒಬ್ಬಳು ಒಡೆದ ಫೋನುಗಳ ಹೊಟ್ಟೆ ಬಿಚ್ಚಿದ್ದಾಳೆ.
ಝುಲ್ಮೀರಾ ನಿಂತು ನೋಡಿದಳು.
ಹಾಸು ಮುದುಡಿದೆ, ಅಂದುಕೊಂಡಳು.
ಅಷ್ಟೆ. ನಾಳೆಯ ಮಾತು ಆಡಲಿಲ್ಲ.

ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ
ಮನೆಯೊಡೆಯನ ಲಕೋಟೆ.
ದೊಮಿಂಗಾಸ್ ಅದನ್ನು ಒಡೆಯಲಿಲ್ಲ.
ಎಡಗಾಲಿನ ಅಚ್ಚಿನ ಅಡಿಗೆ ತಳ್ಳಿ,
"ಸದ್ಯಕ್ಕೆ ಮೆಟ್ಟಿಕೊಂಡಿರಲಿ" ಎಂದು,
ಜೋಳ ನೆನೆದಿದೆಯೋ ನೋಡಲು ಹೋದಳು.